ಅಪ್ಪಯ್ಯನ ಚಿನ್ನದ ಒಮೆಗಾಕ್ಕೆ ನಾನೇ ಬೆಲೆ ಕಟ್ಟಿದ ಬಗೆ

ಅಪ್ಪಯ್ಯನ ಚಿನ್ನದ ಒಮೆಗಾ ಕೈಗಡಿಯಾರಕ್ಕೆ ನಾನು ಚೀಟಿಯಲ್ಲಿ ಬರೆದುಕೊಟ್ಟ ಬೆಲೆ 1 ಲಕ್ಷ 62 ಸಾವಿರ ರೂಪಾಯಿ. ಅಣ್ಣ ಅದನ್ನು ಎರಡು ಸಲ ಓದಿ, ಏನೂ ಹೇಳದೆ ಮಡಚಿ ಜೇಬಿಗೆ ಹಾಕಿಕೊಂಡ. ಭಾವ ಮಾತ್ರ, "ಚಿನ್ನದ ಅಂಗಡಿಯವರು ನಲವತ್ತೊಂಬತ್ತು ಅಂದಿದ್ದಾರೆ, ನೀನು ಮೂರು ಪಟ್ಟು ಹೇಳ್ತೀಯಲ್ಲ ಮಾರಾಯ" ಎಂದು ಎಲ್ಲರೆದುರಿಗೇ ನಕ್ಕರು. ಗಡಿಯಾರವನ್ನು ಇಟ್ಟುಕೊಳ್ಳುವ ಆಸೆ ಅಣ್ಣನದಾಗಿದ್ದುದರಿಂದ ಅಕ್ಕನಿಗೂ ನನಗೂ ಅವನು ಪಾಲಿನ ಹಣ ಕೊಡಬೇಕಾಗಿತ್ತು. ಬೆಲೆ ಏರಿದಷ್ಟೂ ಲಾಭ ನನಗೇ ಎಂಬ ಅನುಮಾನ ಅವನಿಗೆ ಬಂದದ್ದು ಸಹಜವೇ. ಬೆಲೆ ಏರಿದರೆ ಭಾವನ ಮನೆಗೂ ಲಾಭವೇ ಆಗಬೇಕಿತ್ತು, ಆದರೂ ಅವರು ನಂಬಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೂವತ್ತೆರಡು ವರ್ಷಗಳಿಂದ ಕಣ್ಣಿಗೆ ಐಗ್ಲಾಸ್, ಅಂದರೆ ಗಡಿಯಾರ ರಿಪೇರಿಯ ಭೂತಗನ್ನಡಿ, ಸಿಕ್ಕಿಸಿಕೊಂಡು ಕುಳಿತಿರುವ ನನಗೆ ಮನೆಯವರ ಈ ನಗುವಿಗಿಂತ, ನನ್ನದೇ ಕಸುಬಿನ ಇಬ್ಬರು ಹಿರಿಯರು "ಹಳೆಯ ಚಿನ್ನದ ವಾಚಿಗೆ ಕರಗಿಸಿದ ಬೆಲೆಯೇ ಬೆಲೆ" ಎಂದದ್ದು ಹೆಚ್ಚು ಚುಚ್ಚಿತು. ಈ ಬರಹ ಅವರಂಥವರಿಗಾಗಿ.

1950ರ ದಶಕದಲ್ಲಿ ಅಪ್ಪಯ್ಯ ಮುಂಬಯಿಯ ಹಡಗು ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಏಡನ್ ಸುಂಕವಿಲ್ಲದ ಬಂದರಾಗಿದ್ದ ಕಾಲವದು. ಅಲ್ಲಿ ಕೊಂಡದ್ದೆಂದು ಅವರು ಹೇಳುತ್ತಿದ್ದರು. ಕೇಸಿನ ಅಗಲ 35 ಮಿಲಿಮೀಟರ್, ಆರರ ಜಾಗದಲ್ಲಿ ಸಣ್ಣ ಸೆಕೆಂಡಿನ ಮುಳ್ಳು, ಒಳಗೆ ತಾಮ್ರದ ಬಣ್ಣದ, 17 ಜ್ಯುವೆಲ್‌ನ (ಸವೆತ ತಡೆಯುವ ಕಲ್ಲುಗಳ), ಒಮೆಗಾದವರು 266 ಎಂದು ಕರೆಯುವ ಮೆಷಿನ್. ಹಿಂದಿನ ಮುಚ್ಚಳದ ಒಳಗೆ 18ಕೆ, 0.750 (ಹದಿನೆಂಟು ಕ್ಯಾರೆಟ್, ಅಂದರೆ ನೂರಕ್ಕೆ 75 ಪಾಲು ಚಿನ್ನ), ಮತ್ತು ಸ್ವಿಸ್ ಸರಕಾರದ ಹೆಲ್ವೇಷಿಯಾ ಎಂಬ ಹೆಣ್ಣಿನ ತಲೆಯ ಮುದ್ರೆ. ಅಣ್ಣ ಮುಚ್ಚಳದ ಮೇಲಿದ್ದ ಎಂಟಂಕಿಯ ಸಂಖ್ಯೆಯನ್ನು ಫೋನಿನಲ್ಲಿ ಹುಡುಕಿ, 11ರಿಂದ ಆರಂಭವಾಗುವುದರಿಂದ ಇದು 1947ರ ಗಡಿಯಾರ, ಸ್ವಾತಂತ್ರ್ಯದ ವರ್ಷದ್ದು, ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದ. ಚಿನ್ನದ ಒಮೆಗಾಗಳಲ್ಲಿ ಕೇಸಿನ ಅಂಕಿ ಬೇರೆ, ಮೆಷಿನ್ನಿನ ಅಂಕಿ ಬೇರೆ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ವರ್ಷ ತಿಳಿಯುವುದು ಮೆಷಿನ್ನಿನ ಅಂಕಿಯಿಂದ; ಅದು 14ರಿಂದ ಆರಂಭವಾಗುತ್ತಿತ್ತು, ಅಂದರೆ 1954ರ ಆಸುಪಾಸು. ಅಪ್ಪಯ್ಯ ಏಡನ್ನಿಗೆ ಹೋಗುತ್ತಿದ್ದ ವರ್ಷಗಳಿಗೂ ಅದು ಸರಿಯಾಗಿ ಹೊಂದಿತು.

ಮೊದಲು ಚಿನ್ನದ ಲೆಕ್ಕ. ಅಣ್ಣ ಕರೆದುಕೊಂಡು ಹೋದ ಅಂಗಡಿಯಲ್ಲಿ ಕೇಸಿನ ಅಂಚನ್ನು ಒರೆಗಲ್ಲಿಗೆ ಎರಡು ಬಾರಿ ಉಜ್ಜಿ, ಆಸಿಡ್ ಬಿಟ್ಟು, "ಹದಿನಾಲ್ಕು ಕ್ಯಾರೆಟ್ ದಾಟುವುದಿಲ್ಲ" ಎಂದರು. ಮೆಷಿನ್, ಗಾಜು, ಕೀ ಎಲ್ಲ ತೆಗೆದ ಮೇಲೆ ಕೇಸಿನ ತೂಕ 14 ಗ್ರಾಂ 200 ಮಿಲಿ. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿದು, ಅಪರಂಜಿ ಗ್ರಾಮಿಗೆ ಏಳು ಸಾವಿರದ ಆಸುಪಾಸಿನಲ್ಲಿದ್ದ ವಾರಗಳವು. ಹದಿನಾಲ್ಕರ ಲೆಕ್ಕದಲ್ಲಿ ಸುಮಾರು 58 ಸಾವಿರವಾಗುತ್ತದೆ, ಅದರಲ್ಲಿ ಶೇ. 15 ಸವಕಳಿ ಕಳೆದು ಅವರು 49 ಸಾವಿರ ಹೇಳಿದರು. ಹದಿನೆಂಟಾದರೆ ಸವಕಳಿ ಕಳೆಯುವ ಮೊದಲು 74 ಸಾವಿರ ದಾಟಬೇಕು. ಒಂದು ಗೆರೆಯ ಬಣ್ಣದ ಮೇಲೆ ನಿಂತಿದ್ದ ವ್ಯತ್ಯಾಸ ಅದು.

ನಾನು ಮನೆಗೆ ಬಂದು ನೀರಿನಲ್ಲಿ ತೂಗಿದೆ. ಉಪಕರಣವೆಂದರೆ ನೂರನೇ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಬೆಲೆ ಏಳೆಂಟು ನೂರು ರೂಪಾಯಿ ಇರಬಹುದು. ಅದರ ಮೇಲೆ ನೀರು ತುಂಬಿದ ಲೋಟ, ಪಕ್ಕದಲ್ಲಿ ಪುಸ್ತಕಗಳನ್ನು ಪೇರಿಸಿ ಅಡ್ಡಲಾಗಿಟ್ಟ ಒಂದು ಪೆನ್ಸಿಲ್. ಲೋಟವನ್ನಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಪೆನ್ಸಿಲ್ಲಿಗೆ ಕಟ್ಟಿದ ದಾರದಲ್ಲಿ ಕೇಸನ್ನು ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿದರೆ, ತಕ್ಕಡಿ ತೋರಿಸುವ ಗ್ರಾಮೇ ಘನ ಸೆಂಟಿಮೀಟರಿನಲ್ಲಿ ಕೇಸಿನ ಗಾತ್ರ. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಹದಿನೆಂಟು ಕ್ಯಾರೆಟ್ಟಿನ ಹಳದಿ ಚಿನ್ನ ಹದಿನೈದರ ಮೇಲಿರುತ್ತದೆ, ಹದಿನಾಲ್ಕರದ್ದು ಹದಿಮೂರರ ಸುತ್ತ, ಹಿತ್ತಾಳೆ ಎಂಟೂವರೆ. ಮೊದಲ ಸಲ ತಕ್ಕಡಿ ತೋರಿಸಿದ್ದು 1.08. ಭಾಗಿಸಿ ನೋಡಿದರೆ ಹದಿಮೂರು ಚಿಲ್ಲರೆ! ಅಂಗಡಿಯವರು ಹೇಳಿದ ಹದಿನಾಲ್ಕು ಕ್ಯಾರೆಟ್ಟೇ ಸರಿ ಎಂದಾಯಿತು. ಅಣ್ಣ ಪಕ್ಕದಲ್ಲೇ ಕುಳಿತಿದ್ದ. ಆ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ.

ಮುದ್ರೆ ಸುಳ್ಳಾಗಿರಬೇಕು, ಇಲ್ಲವೇ ನನ್ನ ತೂಕ ಸುಳ್ಳಾಗಿರಬೇಕು. ಬೆಳಿಗ್ಗೆ ಐಗ್ಲಾಸ್ ಹಾಕಿಕೊಂಡು ಲೋಟದ ಬದಿಯಿಂದ ನೋಡಿದಾಗ ಉತ್ತರ ಕಣ್ಣೆದುರಿಗೇ ಇತ್ತು. ಹಿಂದಿನ ಮುಚ್ಚಳವನ್ನು ಕೇಸಿಗೆ ಒತ್ತಿ ಕೂರಿಸಿಯೇ ಮುಳುಗಿಸಿದ್ದೆ. ಮುಚ್ಚಳ ಕೂರುವ ತೋಡಿನಲ್ಲಿ ಸುತ್ತಲೂ ಗಾಳಿ ನಿಂತಿತ್ತು, ಗಾಜು ಕೂರುವ ಅಂಚಿನ ಅಡಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಅಂಟಿಕೊಂಡಿದ್ದವು. ಮುಚ್ಚಳ ಬಿಡಿಸಿ, ಪಟ್ಟಿ ಕೂರಿಸುವ ಕಡ್ಡಿಗಳನ್ನು ತೆಗೆದು, ಎರಡೂ ಭಾಗಗಳನ್ನು ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ, ಕಾಯಿಸಿ ಆರಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ದಾರದ ಬದಲು ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯಲ್ಲಿ ತೂಗುಬಿಟ್ಟೆ. ಈ ಸಲ 0.93. ಸಾಂದ್ರತೆ 15.27. ಏಳು ಸಲ ತೂಗಿದೆ, 0.92ಕ್ಕೂ 0.94ಕ್ಕೂ ನಡುವೆಯೇ ನಿಂತಿತು. ನೀರನ್ನು ಕಾಯಿಸಿ ಆರಿಸಿದ್ದರಿಂದ ಎಷ್ಟು ಉಪಯೋಗವಾಯಿತೋ, ಮುಚ್ಚಳ ಬಿಡಿಸಿದ್ದರಿಂದ ಎಷ್ಟೋ, ಬೇರೆ ಬೇರೆಯಾಗಿ ನಾನು ನೋಡಲಿಲ್ಲ.

ಆ ವಾರ ಕೈಗೆ ಸಿಕ್ಕಿದ್ದನ್ನೆಲ್ಲ ನೀರಿಗಿಳಿಸಿದೆ. ನನ್ನ ಮದುವೆಯ ಉಂಗುರ ಹದಿನೇಳೂವರೆಯ ಹತ್ತಿರ ತೋರಿಸಿತು, ಇಪ್ಪತ್ತೆರಡು ಕ್ಯಾರೆಟ್ಟಿಗೆ ಅದು ಸರಿಯೇ. ಹೆಂಡತಿಯ ಬಳೆ ಹನ್ನೊಂದು ತೋರಿಸಿ ಮನೆಯಲ್ಲಿ ಒಂದು ಗಳಿಗೆ ಮೌನ ಕವಿಯಿತು. ಆಮೇಲೆ ಅದು ಒಳಗೆ ಟೊಳ್ಳಿರುವ ಬಳೆ ಎಂಬುದು ನೆನಪಾಯಿತು. ಟೊಳ್ಳಿರುವ ವಸ್ತುವಿಗೆ ಈ ವಿಧಾನ ನಡೆಯುವುದಿಲ್ಲ. ನೀರಿನ ಬದಲು ಸ್ಪಿರಿಟ್ ಬಳಸಿದರೆ ಗುಳ್ಳೆ ಅಂಟುವುದಿಲ್ಲವೆಂದು ಅದನ್ನೂ ಮಾಡಿ ನೋಡಿದೆ. ಗುಳ್ಳೆ ನಿಜಕ್ಕೂ ಅಂಟಲಿಲ್ಲ, ಆದರೆ ಸ್ಪಿರಿಟ್ ಆವಿಯಾಗುತ್ತಾ ಹೋಗಿ ತಕ್ಕಡಿಯ ಅಂಕಿ ಕಣ್ಣೆದುರಿಗೇ ಇಳಿಯುತ್ತಿತ್ತು, ಮೇಲಾಗಿ ಸ್ಪಿರಿಟ್ಟಿನ ಸಾಂದ್ರತೆಯಿಂದ ಮತ್ತೆ ಗುಣಿಸುವ ಕೆಲಸ ಬೇರೆ. ನೀರಿಗೇ ಮರಳಿದೆ.

ಎಕ್ಸ್‌ರೇ ಕಿರಣ ಬಿಟ್ಟು ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರಿನಲ್ಲಿ ನೂರು ರೂಪಾಯಿಗೆ ಆಗುವ ಕೆಲಸಕ್ಕೆ ಇಷ್ಟು ಒದ್ದಾಟವೇಕೆ ಎಂದು ಕೇಳುವವರಿಗೆ ನನ್ನ 2011ರ ಕಥೆ. ಹಾವೇರಿ ಕಡೆಯ ಒಬ್ಬರಿಂದ ದಪ್ಪ ಕೇಸಿನ ಸ್ವಿಸ್ ಗಡಿಯಾರವೊಂದನ್ನು 22 ಸಾವಿರಕ್ಕೆ ಕೊಂಡೆ. ಕ್ಯಾರೆಟ್ ಮೀಟರ್ ಶೇ. 74 ಚಿನ್ನವೆಂದು ಚೀಟಿ ಕೊಟ್ಟಿತ್ತು. ಆ ಯಂತ್ರದ ಕಿರಣ ಚಿನ್ನದೊಳಗೆ ಇಳಿಯುವುದು ಹತ್ತು ಮೈಕ್ರಾನಿನ, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲಿನ, ಆಸುಪಾಸು ಮಾತ್ರ. ನಲವತ್ತು, ಎಂಬತ್ತು ಮೈಕ್ರಾನ್ ಚಿನ್ನ ಹೊದಿಸಿದ ಹಳೆಯ ಕೇಸುಗಳಲ್ಲಿ ಅದಕ್ಕೆ ಕಾಣುವುದೆಲ್ಲ ಚಿನ್ನವೇ. ಕೆಲವು ತಿಂಗಳ ಬಳಿಕ ಪಟ್ಟಿ ಉಜ್ಜಿದ ಮೂಲೆಯಲ್ಲಿ ಹಿತ್ತಾಳೆ ಇಣುಕಿದಾಗ ನನಗೆ 17 ಸಾವಿರ ನಷ್ಟವಾಗಿತ್ತು. ಅಪ್ಪಯ್ಯನ ಕೇಸನ್ನೂ ಆ ಯಂತ್ರಕ್ಕೆ ಕೊಟ್ಟೆ, 75 ಚಿಲ್ಲರೆ ಬಂತು; ಆದರೆ ನೀರು ಮೊದಲೇ ಹೇಳಿದ್ದನ್ನು ಅದು ಒಪ್ಪಿದ್ದರಿಂದಲೇ ಆ ಚೀಟಿಗೆ ಬೆಲೆ.

ಇಷ್ಟಾದರೂ ಇದೆಲ್ಲ ಬೆಲೆಯ ತಳ ಮಾತ್ರ. ಗಡಿಯಾರ ಇದಕ್ಕಿಂತ ಕೆಳಗೆ ಹೋಗಲಾರದು ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಮೇಲಿನ ಬೆಲೆಯನ್ನು ನಿರ್ಧರಿಸುವುದು ಡಯಲ್. ಅಪ್ಪಯ್ಯನ ಗಡಿಯಾರದ ಡಯಲ್ ಕೆನೆಬಣ್ಣಕ್ಕೆ ತಿರುಗಿ, ನಾಲ್ಕರ ಬಳಿ ಮೂರು ಕಂದು ಚುಕ್ಕೆಗಳಿದ್ದವು, ಮತ್ತು ಅಣ್ಣ ಅದಕ್ಕೆ ಎಂಟುನೂರು ರೂಪಾಯಿಯಲ್ಲಿ ಹೊಸ ಬಣ್ಣ ಹೊಡೆಸುವವರನ್ನು ಆಗಲೇ ವಿಚಾರಿಸಿಯಾಗಿತ್ತು. ನಾನು ಹೆಚ್ಚುಕಡಿಮೆ ಅವನ ಕೈ ಹಿಡಿದು ತಡೆದೆ. 2016ರಲ್ಲಿ ಎಚ್‌ಎಂಟಿ ಗಡಿಯಾರ ಘಟಕ ಮುಚ್ಚುವ ನಿರ್ಧಾರವಾಗಿ ಅದರ ಹಳೆಯ ವಾಚುಗಳಿಗೆ ಬೇಡಿಕೆ ಬಂದ ಮೇಲೆ ಬಣ್ಣ ಹೊಡೆದ ಡಯಲ್‌ಗಳು ನಮ್ಮ ಮೇಜಿಗೆ ಎಷ್ಟು ಬರುತ್ತಿವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಂಥ ಡಯಲ್ ಇದ್ದರೆ ಈ ದರ್ಜೆಯ ಗಡಿಯಾರದಲ್ಲಿ ನಾನು ಕಣ್ಣುಮುಚ್ಚಿ ನಲವತ್ತು ಸಾವಿರ ಇಳಿಸುತ್ತೇನೆ. ಕೆಳಗಿನ ಸ್ವಿಸ್ ಮೇಡ್ ಅಕ್ಷರಗಳು ಅಂಚಿಗೆ ಸರಿಯಾಗಿ ತಾಗುತ್ತವೆಯೇ, ನಿಮಿಷದ ಗೆರೆಗಳು ಅಂಟಿಸಿದ ಗುರುತುಗಳ ನಡುಮಧ್ಯಕ್ಕೆ ಬರುತ್ತವೆಯೇ ಎಂಬ ಸಾಮಾನ್ಯ ಪರೀಕ್ಷೆಗಳು ಎಲ್ಲರಿಗೂ ಗೊತ್ತು, ಬಣ್ಣ ಹೊಡೆಯುವವರಿಗೂ ಗೊತ್ತು. ನಾನು ನಂಬುವ ಮೂರನೆಯ ಪರೀಕ್ಷೆ ಡಯಲಿನ ಹಿಂಬದಿಗೆ ಸಂಬಂಧಿಸಿದ್ದು. ಅದನ್ನು ಬರೆದರೆ ಆರು ತಿಂಗಳಲ್ಲಿ ಅವರೂ ಕಲಿಯುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಕೇಸಿಗೆ ನಾನು ಪಾಲಿಶ್ ಮುಟ್ಟಿಸಲಿಲ್ಲ. ಹಿಂದೆ ಒಮ್ಮೆ ಗಿರಾಕಿಯೊಬ್ಬರ ಚಿನ್ನದ ಗಡಿಯಾರವನ್ನು ಫಳಫಳ ಹೊಳೆಯುವಂತೆ ಮಾಡಿ, ಪಟ್ಟಿ ಸಿಕ್ಕಿಸುವ ಕೊಂಬಿನ ಚೂಪಾದ ಅಂಚುಗಳನ್ನು ದುಂಡಗೆ ಮಾಡಿಬಿಟ್ಟಿದ್ದೆ. ನೋಡಲು ಬಂದ ಕೊಳ್ಳುಗ ಒಪ್ಪಿದ್ದ ಬೆಲೆಯಲ್ಲಿ 25 ಸಾವಿರ ಕಡಿಮೆ ಮಾಡಿದ. ಗಿರಾಕಿ ಏನೂ ಅನ್ನಲಿಲ್ಲ, ಮತ್ತೆ ಅಂಗಡಿಗೆ ಬರಲೂ ಇಲ್ಲ.

ಮೆಷಿನ್ ಬದಲಾಗಿದೆಯೇ ಎಂಬುದನ್ನು ನೋಡಲೇಬೇಕು. ಹೆಲ್ವೇಷಿಯಾ ಮುದ್ರೆಯ ಹದಿನೆಂಟು ಕ್ಯಾರೆಟ್ ಕೇಸಿನಲ್ಲಿ, ಅಮೆರಿಕಕ್ಕೆ ಹೋಗುವ ಮೆಷಿನ್ನುಗಳಿಗೆ ಹೊಡೆಯುತ್ತಿದ್ದ ಒಎಕ್ಸ್‌ಜಿ ಗುರುತಿನ ಮೆಷಿನ್ ಕುಳಿತಿದ್ದುದನ್ನು ನಾನು ಒಮ್ಮೆ ಕಂಡಿದ್ದೇನೆ. ನೋಡಲು ಎಲ್ಲವೂ ಒಮೆಗಾ, ಎಲ್ಲವೂ ಹಳೆಯದು, ಆದರೆ ಒಂದೇ ಗಡಿಯಾರವಲ್ಲ. ದೊಡ್ಡವರೂ ಇಲ್ಲಿ ಎಡವುತ್ತಾರೆ. 2021ರಲ್ಲಿ ಜಿನೀವಾದ ಹರಾಜಿನಲ್ಲಿ 31 ಲಕ್ಷ ಫ್ರಾಂಕ್ ದಾಟಿದ ಸ್ಪೀಡ್‌ಮಾಸ್ಟರ್ ಎಂಬ ಒಮೆಗಾ ಗಡಿಯಾರ, ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಜೋಡಿಸಿದ್ದೆಂದು 2023ರಲ್ಲಿ ಒಮೆಗಾ ಕಂಪನಿಯೇ ಹೇಳಬೇಕಾಯಿತು. ಅಪ್ಪಯ್ಯನ ಗಡಿಯಾರದ ಮೆಷಿನ್ ಮಾತ್ರ ಆ ಕೇಸಿನದ್ದೇ. ತೊಳೆದು ಎಣ್ಣೆ ಹಾಕಿದ ಮೇಲೆ ಆಂಪ್ಲಿಟ್ಯೂಡ್, ಅಂದರೆ ಒಳಗಿನ ಬ್ಯಾಲೆನ್ಸ್ ಚಕ್ರ ತೂಗುವ ಅಳತೆ, 260 ಡಿಗ್ರಿಯ ಹತ್ತಿರ ಬಂತು. ಅದನ್ನು ಅಳೆಯುವ ಟೈಮ್‌ಗ್ರಾಫರ್ ಯಂತ್ರದಲ್ಲಿ ಲಿಫ್ಟ್ ಆಂಗಲ್ ಎಂಬ ಕೋನವನ್ನು ಸಾಮಾನ್ಯವಾಗಿ ಇಡುವ 52 ಬಿಟ್ಟು 49ಕ್ಕೆ ಇಟ್ಟುಕೊಳ್ಳದಿದ್ದರೆ ಈ ಮೆಷಿನ್ ಇರುವುದಕ್ಕಿಂತ ಗಟ್ಟಿಮುಟ್ಟಾಗಿ ಕಾಣುತ್ತದೆ.

ಕೊನೆಗೆ ಬೆಲೆ. ಮಾರಾಟಕ್ಕೆ ಹಾಕಿದವರು ಕೇಳುವ ಬೆಲೆಗಳನ್ನು ನಾನು ನೋಡುವುದೇ ಇಲ್ಲ. ಕೈಬದಲಾದ ಗಡಿಯಾರಗಳ ಬೆಲೆಗಳನ್ನು ಮಾತ್ರ ಬರೆದುಕೊಳ್ಳುತ್ತೇನೆ. ಇದೇ ಮೆಷಿನ್, ಇದೇ ಅಗಲ, ಹದಿನೆಂಟು ಕ್ಯಾರೆಟ್, ಚುಕ್ಕೆ ಬಿದ್ದ ಆದರೆ ಮೂಲ ಡಯಲ್ ಇರುವ ಒಂಬತ್ತು ಮಾರಾಟಗಳು ಸಿಕ್ಕಿದವು. ಮೇಲಿನ ಎರಡು, ಕೆಳಗಿನ ಎರಡು ಬಿಟ್ಟರೆ ಉಳಿದ ಐದರ ಸರಾಸರಿ ಎರಡು ಲಕ್ಷದ ಹತ್ತಿರ ಬಂತು. ಮಾರುವವನ ಕೈಗೆ ಅಷ್ಟೂ ಬರುವುದಿಲ್ಲ, ಹಾಗಾಗಿ ಕಮಿಷನ್ ಎಂದು ಶೇ. 15, ಅಂದರೆ 30 ಸಾವಿರ ಕಳೆದೆ. ಕೀ ಮೂಲದ್ದಲ್ಲ, ಬಕಲ್ ಕೂಡ ಅಲ್ಲ; ಅವೆರಡಕ್ಕೆ 8 ಸಾವಿರ. ಉಳಿದದ್ದು 1 ಲಕ್ಷ 62 ಸಾವಿರ. ಚಿನ್ನದ ಬೆಲೆಯನ್ನು ಇದಕ್ಕೆ ಮತ್ತೆ ಕೂಡಿಸಬಾರದು. ಮೊದಲ ವರ್ಷಗಳಲ್ಲಿ ನಾನೇ ಹಾಗೆ ಕೂಡಿಸಿ, ಹೇಳಿದ ಬೆಲೆಗೆ ಯಾರೂ ಬರಲಿಲ್ಲವೆಂದು ಕೊರಗುತ್ತಿದ್ದೆ. ಆ ಒಂಬತ್ತು ಮಾರಾಟಗಳ ಬೆಲೆ ನನಗೆ ಎಲ್ಲಿಂದ ಸಿಕ್ಕಿತೆಂಬುದೂ ನನ್ನಲ್ಲೇ ಇರಲಿ.

ಅಣ್ಣ ನನಗೆ ತಿಳಿಸದೆ ಗಡಿಯಾರದ ಫೋಟೋಗಳನ್ನು ಮುಂಬಯಿಯ ಒಬ್ಬ ಕೊಳ್ಳುಗನಿಗೆ ಕಳಿಸಿದ್ದ. ಮೂರು ವಾರದ ಬಳಿಕ ಬಂದ ಉತ್ತರ 1 ಲಕ್ಷ 58 ಸಾವಿರ, ಅದೂ ಚೌಕಾಸಿ ಆರಂಭಿಸುವ ಬೆಲೆ. ಅದನ್ನು ಅವನು ಒಂದು ವಾರ ಬಚ್ಚಿಟ್ಟುಕೊಂಡಿದ್ದು, ಚೌತಿಯ ದಿನ ಊಟಕ್ಕೆ ಕುಳಿತಾಗ ಬಾಯಿಬಿಟ್ಟ. ನನ್ನ ಚೀಟಿಯ ಲೆಕ್ಕದಂತೆಯೇ ಅಕ್ಕನಿಗೂ ನನಗೂ ತಲಾ 54 ಸಾವಿರ ಕೊಟ್ಟು ಗಡಿಯಾರವನ್ನು ತಾನೇ ಇಟ್ಟುಕೊಂಡ.

ಭಾವ ಅಂದು ಏನೂ ಹೇಳಲಿಲ್ಲ. ದಸರೆ ಕಳೆದ ಮೇಲೆ ಒಂದು ಸಂಜೆ ಅಂಗಡಿಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ್ದ ಅವರ ತಂದೆಯ ಚಿನ್ನದ ಗಡಿಯಾರವನ್ನು ಮೇಜಿನ ಮೇಲಿಟ್ಟು, "ಸ್ವಲ್ಪ ನೀರಿಗೆ ಹಾಕಿ ನೋಡು" ಎಂದರು. ನೋಡಿದೆ, ಎಂಟು ಮುಕ್ಕಾಲು ಬಂತು. ಆ ಚೀಟಿಯನ್ನು ನಾನು ಇನ್ನೂ ಬರೆದುಕೊಟ್ಟಿಲ್ಲ.