ಹಳೆ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ಫ್ರೆಟ್ ಹಾಕುವುದು

ಫ್ರೆಟ್ ಅಂದರೆ ಗಿಟಾರಿನ ನೆಕ್ (ಕತ್ತು) ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಮೊದಲ ಮೂರು ಫ್ರೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ತಂತಿಯ ಕೆಳಗೆ ಗುಳಿ ಬಿದ್ದಿರುತ್ತದೆ. ಗುಳಿ ಸಣ್ಣದಿದ್ದರೆ ಅರದಿಂದ ಉಜ್ಜಿ ಸಮ ಮಾಡಿದರೆ ಸಾಕು, ಸುಮ್ನೆ ಕೀಳಬೇಡಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಂತೂ ಈ ಕೆಲಸ ಬೇಡ. ಆಗ ಕಟ್ಟಿಗೆ ತೇವ ಹೀರಿ ಉಬ್ಬಿರುತ್ತದೆ, ಬೇಸಿಗೆಯಲ್ಲಿ ಕುಗ್ಗಿದಾಗ ಫ್ರೆಟ್ ತುದಿಗಳು ಹೊರಗೆ ಚಾಚಿ ಕೈ ಗೀರುತ್ತವೆ.

ಕೀಳುವಾಗಲೇ ಜಾಸ್ತಿ ಹಾಳಾಗುವುದು. ಸೋಲ್ಡರಿಂಗ್ ಐರನ್ನಿನಿಂದ ಫ್ರೆಟ್ ಬಿಸಿ ಮಾಡಿ, ಮೂತಿ ಚಪ್ಪಟೆಯಾಗಿ ತೇಯ್ದ ಕಟರ್ ಅನ್ನು ಒಂದು ತುದಿಯಲ್ಲಿ ತೂರಿಸಿ, ಮೆಲ್ಲಗೆ ಹಿಸುಕುತ್ತಾ ಇನ್ನೊಂದು ತುದಿವರೆಗೆ ಹೋಗಿ. ಮೇಲಕ್ಕೆ ಎಳೆದರೆ ಕಟ್ಟಿಗೆಯ ಚಕ್ಕೆ ಏಳುತ್ತದೆ. ಎದ್ದ ಚಕ್ಕೆಯನ್ನು ಎಸೆಯಬೇಡಿ, ಅಲ್ಲೇ ಸೂಪರ್ ಗ್ಲೂ ಹಾಕಿ ಕೂರಿಸಿ. 1960ರ ದಶಕದ ಫೆಂಡರ್ ಕಂಪನಿಯ ಗಿಟಾರ್ ಆದರೆ ಇನ್ನೂ ಹುಷಾರು: ಅವರು ಫ್ರೆಟ್‌ಗಳನ್ನು ಪಕ್ಕದಿಂದ ತೂರಿಸುತ್ತಿದ್ದರು, ಅದಕ್ಕೆ ಪಕ್ಕಕ್ಕೇ ತಳ್ಳಿ ತೆಗೆಯಬೇಕು.

ಫ್ರೆಟ್ ಕೂರುವ ಸೀಳುಗಳ ಕಸ ತೆಗೆದು, ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ತಿರುಗಿಸಿ ನೆಕ್ ನೇರ ಮಾಡಿ. ಹೊಸ ಫ್ರೆಟ್ ತಂತಿಯನ್ನು ಬೋರ್ಡಿನ (ಫ್ರೆಟ್ ಕೂರುವ ಕಟ್ಟಿಗೆಯ ಮೇಲ್ಮೈ) ಬಾಗಿಗಿಂತ (ಹಳೆ ಫೆಂಡರ್‌ನಲ್ಲಿ 7.25 ಇಂಚು ತ್ರಿಜ್ಯ) ಸ್ವಲ್ಪ ಜಾಸ್ತಿ ಬಗ್ಗಿಸಿ. ಪ್ಲಾಸ್ಟಿಕ್ ಸುತ್ತಿಗೆಯಿಂದ ಮೊದಲು ಎರಡೂ ತುದಿ, ಆಮೇಲೆ ನಡು ಬಡಿಯಿರಿ. ಸರಿಯಾಗಿ ಕೂತಾಗ ಸದ್ದು ಟಣ್ ಅನ್ನುವುದು ಬಿಟ್ಟು ಠಪ್ ಅನ್ನುತ್ತದೆ, ಕಿವಿಗೆ ಗೊತ್ತಾಗುತ್ತದೆ.

ತುದಿ ಕತ್ತರಿಸಿ ಓರೆಯಾಗಿ ಉಜ್ಜಿ. ಫ್ರೆಟ್ ತಲೆಗಳಿಗೆ ಮಾರ್ಕರ್ ಬಳಿದು ಉದ್ದನೆಯ ಚಪ್ಪಟೆ ಅರ ಎಳೆಯಿರಿ. ಮಸಿ ಉಳಿದ ಕಡೆ ತಗ್ಗು. ಎಲ್ಲಾ ಕಡೆ ಮಸಿ ಹೋದ ಮೇಲೆ ತಲೆಗಳನ್ನು ಮತ್ತೆ ಗುಂಡಗೆ ಮಾಡಿ, ಪಾಲಿಶ್ ಹಾಕಿ, ತಂತಿ ಏರಿಸಿ.