ಶೀಟು ಎಣಿಸಿ ಕೊಂಡ ಅಡುಗೆಮನೆ: 4.10 ಲಕ್ಷದ ಕೊಟೇಶನ್ 2.28ಕ್ಕೆ ಇಳಿದ ಲೆಕ್ಕ

ಪ್ಲೈ ಶೀಟು, ಹಿಂಜಸ್ ಎಣಿಸಿಕೊಂಡು ಹೋಗಿ ಮಾಡ್ಯುಲರ್ ಕಿಚನ್ ವ್ಯಾಪಾರ ಮಾಡೋಕಾಗಲ್ಲ, ಕಿಚನ್ ಮಾಡೋರು ಬಿಡಿಬಿಡಿ ರೇಟ್ ಕೊಡೋದೇ ಇಲ್ಲ ಎಂದವರೇ ಹೆಚ್ಚು. ನಮ್ಮ ಆಚಾರಿಯೂ ನಕ್ಕಿದ್ದ. ಕೊಡುತ್ತಾರೆ. ಕೇಳುವ ತಿಂಗಳು ಸರಿ ಇರಬೇಕು, ಕೇಳುವವನ ಕೈಯಲ್ಲಿ ಕಟಿಂಗ್ ಲಿಸ್ಟ್, ಅಂದರೆ ಯಾವ ಹಲಗೆ ಯಾವ ಅಳತೆಗೆ ಕೊಯ್ಯಬೇಕೆಂಬ ಪಟ್ಟಿ, ಇರಬೇಕು.

ಅಡುಗೆಮನೆ ಬೆಂಗಳೂರಿನ ಸಾಧಾರಣ ಅಳತೆಯದು, 10 ಅಡಿಗೆ 8 ಅಡಿ, ಎಲ್ ಆಕಾರ. ಮೂಲೆ ಕಳೆದು ಕೆಳಗೆ 16 ಅಡಿ ಕಬೋರ್ಡು, ಮೇಲೆ 14 ಅಡಿ, ಅದರ ಮೇಲೆ ಲಾಫ್ಟ್‌ಗೆ ಬರೀ ಶಟರ್ (ಬಾಗಿಲು). ಶೋರೂಮಿನ ಕೊಟೇಶನ್ 4.10 ಲಕ್ಷ, ಇಂಟೀರಿಯರ್‌ನವರದು 3.35, ಕುಂಬಳಗೋಡು ಕಡೆಯ ಫ್ಯಾಕ್ಟರಿಯದು 2.60. ಕೊನೆಗೆ ಅದೇ ಫ್ಯಾಕ್ಟರಿಯಲ್ಲಿ ಜಿಎಸ್‌ಟಿ ಸೇರಿ 2.28ಕ್ಕೆ ಮುಗಿಯಿತು. ಗ್ರಾನೈಟ್, ಸಿಂಕ್, ಚಿಮಣಿ, ಹಾಬ್ ಇದರಲ್ಲಿ ಸೇರಿಲ್ಲ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಐನೂರೋ ಸಾವಿರವೋ ಆಚೀಚೆ ಇರಬಹುದು.

ಮೊದಲು ಹಾಳಾದದ್ದನ್ನು ಹೇಳುತ್ತೇನೆ. ಇದಕ್ಕೂ ಹಿಂದಿನ ಅಡುಗೆಮನೆಯನ್ನು ಲೇಬರ್ ಕಾಂಟ್ರಾಕ್ಟ್ ಕೊಟ್ಟು, ಸಾಮಾನು ನಾವೇ ತಂದು ಮಾಡಿಸಿದ್ದು. ಕಾಗದದ ಮೇಲೆ ಅದೇ ಅಗ್ಗ. ಆದರೆ ಮನೆಯಲ್ಲೇ ಕೊಯ್ದಿದ್ದಕ್ಕೆ ಎರಡು ಶೀಟು ತುಂಡುತುಂಡಾಗಿ ಹೋಯಿತು. ಲ್ಯಾಮಿನೇಟನ್ನು (ಪ್ಲೈ ಮೇಲೆ ಹಚ್ಚುವ ಹಾಳೆ) ಕೈಯಲ್ಲಿ ಅಂಟಿಸಿ ಮೇಲೆ ಭಾರ ಹೇರಿದ್ದರಿಂದ ನಡುನಡುವೆ ಗಾಳಿ ಉಳಿಯಿತು. ಹಲಗೆಯ ಅಂಚು ಮುಚ್ಚುವ ಎಡ್ಜ್ ಬ್ಯಾಂಡನ್ನೂ ಕೈಯಲ್ಲೇ ಹಚ್ಚಿದ್ದು, ಸ್ಟೌವ್ ಪಕ್ಕದ ಡ್ರಾಯರಿನದು ಎಂಟು ತಿಂಗಳಿಗೆ ಬಿಟ್ಟುಕೊಂಡಿತು. ಅಂಚು ಬಿಟ್ಟರೆ ಒದ್ದೆಬಟ್ಟೆಯ ನೀರು ನೇರ ಪ್ಲೈಗೆ ಇಳಿಯುತ್ತದೆ. ರಿಪೇರಿಗೆ ಕೊಟ್ಟದ್ದನ್ನು ಸೇರಿಸಿದರೆ ಫ್ಯಾಕ್ಟರಿಗಿಂತ ದುಬಾರಿಯೇ ಬಿತ್ತು. ಹಾಟ್ ಪ್ರೆಸ್, ಶೀಟು ಕೊಯ್ಯುವ ಪ್ಯಾನೆಲ್ ಸಾ, ಎಡ್ಜ್ ಬ್ಯಾಂಡಿಂಗ್ ಮೆಷಿನ್, ಈ ಮೂರಿಲ್ಲದ ಕಡೆ ಅಗ್ಗಕ್ಕೆ ಸಿಕ್ಕರೂ ನಾನು ಈಗ ಮಾಡಿಸುವುದಿಲ್ಲ.

ಕೊಟೇಶನ್ ಎಲ್ಲ ಚದರ ಅಡಿ ಲೆಕ್ಕದಲ್ಲಿ ಬರುತ್ತದೆ, ದುಡ್ಡು ಸೋರುವುದೂ ಅಲ್ಲಿಯೇ. ಕಟ್ಟೆಯ ಎತ್ತರ 34 ಇಂಚು ಅಂದುಕೊಳ್ಳಿ. ಅದರಲ್ಲಿ ಗ್ರಾನೈಟು ಮುಕ್ಕಾಲು, ಕೆಳಗಿನ ಸ್ಕರ್ಟಿಂಗ್ 4, ಕಬೋರ್ಡಿನ ನಿಜವಾದ ಬಾಕ್ಸ್ 29ರ ಆಸುಪಾಸು. ಬಿಲ್ಲಿನಲ್ಲಿ ಮಾತ್ರ 34. ಹದಿನಾರು ಅಡಿಗೆ ಈ ಐದು ಇಂಚು ಆರೂವರೆ ಚದರ ಅಡಿ ಮೀರುತ್ತದೆ, 1,500 ರೂಪಾಯಿ ರೇಟಿಗೆ ಹತ್ತು ಸಾವಿರ. ಎಲ್ ಮೂಲೆಯನ್ನು ಎರಡೂ ಕಡೆಯಿಂದ ಅಳೆದರೆ ಇನ್ನೊಂದು ಎಂಟೂವರೆ ಸಾವಿರ. ಗೋಡೆ ಸಂದಿಗೆ ಹಾಕುವ ಫಿಲ್ಲರ್ ಪಟ್ಟಿಯೂ ಬಾಕ್ಸಿನ ರೇಟಿಗೇ ಕೂತಿರುತ್ತದೆ. ಇದಾದ ಮೇಲೆ '40% ಡಿಸ್ಕೌಂಟ್' ಕೊಟ್ಟರೆ ಅವರ ಗಂಟೇನು ಹೋಗುತ್ತದೆ?

ಹಾಗಾಗಿ ಒಂದೇ ಡ್ರಾಯಿಂಗ್ ಮಾಡಿ, ಬಾಕ್ಸ್ ಬಾಕ್ಸಿಗೂ ಅಗಲ ಎತ್ತರ ಆಳ ಬರೆದು, ಅದನ್ನೇ ಮೂವರಿಗೂ ಕೊಟ್ಟೆ. ಅವರ ಡಿಸೈನನ್ನು ಅವರಿಂದಲೇ ತೆಗೆದುಕೊಂಡರೆ ಮೂರು ಕೊಟೇಶನ್ನು ಮೂರು ಬೇರೆ ಅಡುಗೆಮನೆಗೆ ಸೇರಿದ್ದಾಗುತ್ತವೆ, ಹೋಲಿಸಲು ಏನೂ ಉಳಿಯುವುದಿಲ್ಲ.

ನನ್ನ ಕಡೆಯ ಲೆಕ್ಕ ಹೀಗಿತ್ತು. 18 ಮಿ.ಮೀ. ಪ್ಲೈ 13 ಶೀಟು: ಬಾಕ್ಸಿಗೆ 8, ಶಟರಿಗೆ 3, ಲಾಫ್ಟ್ ಶಟರಿಗೆ 2. ಹಿಂಬದಿಗೆ 9 ಮಿ.ಮೀ. 3 ಶೀಟು. ಎರಡೂ ಸೇರಿ 49 ಸಾವಿರ. ಹೊರಗಿನ 1 ಮಿ.ಮೀ. ಲ್ಯಾಮಿನೇಟ್ 5, ಒಳಮೈಗೆ ಹಚ್ಚುವ ಬಿಳಿ ಹಾಳೆ, ಅಂದರೆ ಲೈನರ್, 24, ಒಟ್ಟು 25 ಸಾವಿರ. ಹಾರ್ಡ್‌ವೇರ್ 50 ಸಾವಿರ, ಅದರಲ್ಲಿ ಅರ್ಧ ಆರು ಟ್ಯಾಂಡಮ್ (ಪೂರ್ತಿ ಹೊರಗೆ ಜಾರುವ) ಡ್ರಾಯರಿಗೇ ಹೋಗುತ್ತದೆ. ಅಂಟು, ಎಡ್ಜ್ ಬ್ಯಾಂಡ್ ಆರೂವರೆ. ಪ್ರೆಸ್ಸಿಂಗ್, ಕಟಿಂಗ್ ಜಾಬ್‌ವರ್ಕ್ 12. ಕೂಲಿ 98 ಚದರ ಅಡಿಗೆ ನಾನೂರರಂತೆ 39. ಎಲ್ಲ ಕೂಡಿ 1.82 ಲಕ್ಷ. ಇದು ಸಿದ್ದಯ್ಯ ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ಬರೆದುಕೊಂಡ ಚಿಲ್ಲರೆ ರೇಟು, ಜಿಎಸ್‌ಟಿ ಒಳಗೇ ಇದೆ. ಫ್ಯಾಕ್ಟರಿಯವರಿಗೆ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸು ಹೊಂದಾಣಿಕೆ ಆಗುವುದರಿಂದ ಅವರ ಅಸಲು 1.62ರ ಹತ್ತಿರ ಇರಬೇಕು. 1.93ಕ್ಕೆ ಒಪ್ಪಿದರೆ ಮೂವತ್ತು ಸಾವಿರ ಉಳಿಯುತ್ತದೆ, ಅದರ ಮೇಲೆ 18% ಹಾಕಿದರೆ 2.28. ಅವರೂ ಬದುಕಬೇಕಲ್ಲ. ಅದಕ್ಕಿಂತ ಕೆಳಗೆ ಎಳೆದರೆ ಪ್ಲೈನಲ್ಲೋ ಹಿಂಜಸ್‌ನಲ್ಲೋ ಕೈ ಆಡಿಸುತ್ತಾರೆ. ಬಿಲ್ ಇಲ್ಲದೆ 18% ಉಳಿಸಿಕೊಡುತ್ತೇವೆ ಎಂದವರನ್ನು ಅಲ್ಲಿಗೇ ಬಿಟ್ಟೆ, ಬಿಲ್ ಇಲ್ಲದಿದ್ದರೆ ವಾರಂಟಿಯನ್ನು ಯಾವ ಕಾಗದ ತೋರಿಸಿ ಕೇಳುವುದು?

ಶೀಟಿನ ಸಂಖ್ಯೆ ಇಳಿಯುವುದು ಚೌಕಾಸಿಯಿಂದಲ್ಲ, ಅಳತೆಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶೀಟಿನ ಅಗಲ 48 ಇಂಚು, ಬ್ಲೇಡು ಪ್ರತಿ ಸೀಳಿಗೆ ಮೂರು ನಾಲ್ಕು ಮಿ.ಮೀ. ತಿನ್ನುತ್ತದೆ. ಕೆಳಗಿನ ಬಾಕ್ಸಿನ ಆಳ 24 ಎಂದು ಬರೆದರೆ ಎರಡು ಪಟ್ಟಿ ಬರುವುದಿಲ್ಲ, ಬ್ಲೇಡಿನ ಪಾಲಿಗೆ ಜಾಗವೇ ಇಲ್ಲ. 22 ಎಂದರೆ ಎರಡು ಪಟ್ಟಿ ಬಂದು ಮೂರೂಮುಕ್ಕಾಲು ಇಂಚಿನ ಒಂದು ತುಂಡು ಉಳಿಯುತ್ತದೆ. ಆ ತುಂಡೇ ಬಾಕ್ಸಿನ ತಲೆಗೆ ಕೂರಿಸುವ ಅಡ್ಡಪಟ್ಟಿ. ಬೇರೆ ಶೀಟು ಕೊಯ್ಯಬೇಕಾಗಿಲ್ಲ. ಮೇಲಿನ ಬಾಕ್ಸಿಗೆ ಡಿಸೈನರು 13 ಇಂಚು ಆಳ ಬರೆದಿದ್ದರು: ಮೂರೇ ಪಟ್ಟಿ, ಒಂಬತ್ತು ಇಂಚು ದಂಡ. ಅದನ್ನು ಹನ್ನೊಂದೂಮುಕ್ಕಾಲಿಗೆ ತಂದರೆ ನಾಲ್ಕು ಪಟ್ಟಿ. 11 ಇಂಚಿನ ಊಟದ ತಟ್ಟೆ ಒಳಗೆ ಹಿಡಿಯುತ್ತದೆ, ಅಳೆದು ನೋಡಿದ್ದೇನೆ. ಇಷ್ಟರಿಂದಲೇ ಒಂದು ಶೀಟು, ಅದರ ಎರಡೂ ಮುಖದ ಲೈನರು, ಪ್ರೆಸ್ಸಿಂಗು ಎಲ್ಲ ಉಳಿಯಿತು.

ಲೈನರ್ 24 ಯಾಕೆ, ಕಾಣದ ಕಡೆಗೆ ಬೇಡ, ಎಂಟು ಹತ್ತು ಹಾಳೆ ಉಳಿಸೋಣ ಎಂಬ ಆಸೆ ಯಾರಿಗೂ ಬರುತ್ತದೆ. ನನಗೂ ಬಂದಿತ್ತು. ಮಾದರಿಗೆಂದು ಒಂದು ಶಟರನ್ನು ಒಂದೇ ಮುಖಕ್ಕೆ ಲ್ಯಾಮಿನೇಟ್ ಹಾಕಿಸಿ ಗೋಡೆಗೆ ಒರಗಿಸಿಟ್ಟರೆ, ಮಳೆಗಾಲದ ಮೂರು ವಾರದಲ್ಲಿ ಐದು ಮಿ.ಮೀ. ಬಿಲ್ಲಿನಂತೆ ಬಾಗಿತು. ಬರಿ ಮುಖ ತೇವ ಎಳೆದುಕೊಳ್ಳುತ್ತದೆ, ಮುಚ್ಚಿದ ಮುಖ ಎಳೆದುಕೊಳ್ಳುವುದಿಲ್ಲ, ಹಲಗೆ ಎಳೆದಾಡುತ್ತದೆ. ಎರಡೂ ಕಡೆ ಹಾಕಲೇಬೇಕು. ಹಿಂಜಸ್ ತಿರುಪು ತಿರುಗಿಸಿ ಈ ಬಾಗು ಸರಿಮಾಡಲಾಗದು.

ಪ್ಲೈ ವಿಷಯಕ್ಕೆ ಬಂದರೆ, ಕೊಟೇಶನ್ನಿನಲ್ಲಿ 'ವಾಟರ್‌ಪ್ರೂಫ್ ಪ್ಲೈ' ಎಂದಷ್ಟೇ ಇದ್ದರೆ ಅದು ಏನೂ ಹೇಳಿದ ಹಾಗಾಗಲಿಲ್ಲ. ಭಾರತೀಯ ಮಾನಕ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ದರ್ಜೆಯ ಅಂಟು ಗಂಟೆಗಟ್ಟಲೆ ಕುದಿಯನ್ನು ತಡೆಯಬೇಕು, ಮರೈನ್ ಪ್ಲೈನ ಐಎಸ್ 710 ಆದರೆ 72 ಗಂಟೆ. ನಾಲ್ಕು ಅಂಗಡಿಯ ಅಂಗೈಯಗಲದ ತುಂಡುಗಳನ್ನು ಹಳೇ ಪಾತ್ರೆಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕುದಿಸಿದೆ. ಗ್ಯಾಸು ದಂಡ ಅಂತ ಮನೆಯಲ್ಲಿ ಬೈಗುಳ. 710 ಮುದ್ರೆ ಒತ್ತಿದ್ದ ಒಂದು ತುಂಡು ಐದನೇ ಗಂಟೆಗೇ ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿತು. ಮುದ್ರೆಯ ಕೆಳಗಿದ್ದ ಸಿಎಂ/ಎಲ್ (ಲೈಸೆನ್ಸ್) ನಂಬರನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಲೈಸೆನ್ಸು ಬೇರೆ ಊರಿನ ಬೇರೆ ಕಂಪನಿಯದು. ಕುದಿಸಲು ಪುರಸೊತ್ತಿಲ್ಲದವರು ನಂಬರನ್ನಾದರೂ ನೋಡಿ, ಎರಡು ನಿಮಿಷದ ಕೆಲಸ.

ಇದೇ ಹುಚ್ಚಿನಲ್ಲಿ ಎಚ್‌ಡಿಎಚ್‌ಎಂಆರ್ (ಮರದ ನಾರು ಒತ್ತಿ ಮಾಡಿದ, ತೇವ ತಡೆಯುವ ಹಲಗೆ) ತುಂಡೊಂದನ್ನು ಬಕೆಟ್ಟಿನಲ್ಲಿ ಒಂದು ದಿನ ಮುಳುಗಿಸಿಟ್ಟೆ. ಅಂಚು ಒಂದು ಮಿ.ಮೀ.ಯಷ್ಟು ಉಬ್ಬಿತು, ಆದರೆ ಸ್ಕ್ರೂ ಹಿಡಿತ ಸಡಿಲಾಗಲಿಲ್ಲ. ಮೈ ಪ್ಲೈಗಿಂತ ಸಮತಟ್ಟು. ಅದಕ್ಕೇ ಬಾಕ್ಸೆಲ್ಲ ಪ್ಲೈ, ಐದು ಶೀಟಿನ ಶಟರು ಎಚ್‌ಡಿಎಚ್‌ಎಂಆರ್ ಎಂದು ಬದಲಿಸಿದ್ದು. ಇದರಿಂದ ಸುಮಾರು ನಾಲ್ಕು ಸಾವಿರ ಉಳಿತಾಯ. ಅದರ ಶೀಟು 45 ಕೆ.ಜಿ. ತೂಗುತ್ತದೆ, ಪ್ಲೈ ಮೂವತ್ತರ ಮೇಲೆ ಸ್ವಲ್ಪ, ಹಾಗಾಗಿ ಉದ್ದದ ಶಟರಿಗೆ ಮೂರನೇ ಹಿಂಜಸ್ ಬೇಕಾಗುತ್ತದೆ. ಸಿಂಕಿನ ಕೆಳಗಿನ ಬಾಕ್ಸಿಗೆ ಮಾತ್ರ ಎಚ್‌ಡಿಎಚ್‌ಎಂಆರ್ ಬೇಡವೇ ಬೇಡ.

ಹಾರ್ಡ್‌ವೇರಿನಲ್ಲಿ 'ಸಾಫ್ಟ್ ಕ್ಲೋಸ್ ಹಿಂಜಸ್, 1 ಸೆಟ್' ಎಂಬ ಸಾಲನ್ನು ಒಪ್ಪಬೇಡಿ. ಕಂಪನಿ, ಮಾಡೆಲ್, ಎಷ್ಟು, ಯಾವ ಕ್ರ್ಯಾಂಕು (ಹಿಂಜಸ್ ತೋಳಿನ ಬಾಗು), ಇಷ್ಟೂ ಬೇಕು. ನಮ್ಮಲ್ಲಿ 23 ಶಟರು, 46 ಹಿಂಜಸ್, ಮೂರನೆಯದು ಬೇಕಾದ ಕಡೆ ಹೆಚ್ಚಿಗೆ ನಾಲ್ಕು. ಹೊರಬದಿಯ ಬಾಕ್ಸಿಗೆ 0 ಕ್ರ್ಯಾಂಕ್, ಒಂದೇ ನಡುಹಲಗೆಗೆ ಎರಡು ಶಟರು ಕೂರುವ ಕಡೆ 8. ಬೇರೆ ತಂದುಬಿಟ್ಟರೆ ಶಟರು ಒಂದಕ್ಕೊಂದು ಉಜ್ಜುತ್ತದೆ, ಫಿಟ್ಟರು ಅದನ್ನು ರಂಧ್ರ ದೊಡ್ಡದು ಮಾಡಿ ಮುಚ್ಚಿಹಾಕುತ್ತಾನೆ. ಹೆಟ್ಟಿಕ್, ಎಬ್ಕೊ, ಹಾಫೆಲೆ, ಯಾವುದಾದರೂ ಇರಲಿ, ಪೆಟ್ಟಿಗೆ ನಮ್ಮೆದುರೇ ಒಡೆಯಲಿ. ಮೂಲೆಯ ಸಾಮಾನನ್ನು ಎಳೆದು ಹೊರತರುವ ಮ್ಯಾಜಿಕ್ ಕಾರ್ನರ್ ಎಂಬ ಇಪ್ಪತ್ತು ಸಾವಿರದ ಆಟಿಕೆಯನ್ನು ಕೈಬಿಟ್ಟೆ, ಮೂಲೆಯಲ್ಲಿ ವರ್ಷಕ್ಕೆರಡು ಸಲ ತೆಗೆಯುವ ಇಡ್ಲಿ ಪಾತ್ರೆ, ಹಬ್ಬದ ಬಾಣಲೆ ಇರುತ್ತವೆ, ಅವಕ್ಕೆ ಚಕ್ರ ಯಾಕೆ? ತಂತಿ ಬುಟ್ಟಿ ತೆಗೆದುಕೊಳ್ಳುವವರಿಗೆ ಒಂದು ಮಾತು: ಆಯಸ್ಕಾಂತ ಅಂಟದಿದ್ದರೆ 304 ಸ್ಟೀಲು ಎನ್ನುವುದು ಅಂಗಡಿ ಮಾತು. 202 ದರ್ಜೆಯ ಸ್ಟೀಲಿಗೂ ಅಂಟುವುದಿಲ್ಲ, ಆದರೆ ಸಿಂಕಿನ ಹತ್ತಿರ ಅದು ಬೇಗ ತುಕ್ಕು ಹಿಡಿಯುತ್ತದೆ.

ಗ್ರಾನೈಟನ್ನು ಅವರ ಕೊಟೇಶನ್ನಿನಿಂದ ತೆಗೆಸಿ ಜಿಗಣಿಯಿಂದ ನೇರ ತರಿಸಿದೆ. ಇದನ್ನು ಎಲ್ಲರೂ ಮಾಡುತ್ತಾರೆ, ಬರೆಯುವುದೇನಿಲ್ಲ. ಅಂಚಿನ ಪಾಲಿಶಿಗೆ ಅಡಿಗಿಷ್ಟು, ಸಿಂಕ್ ಕಟಿಂಗಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ಕಲ್ಲಿನಲ್ಲಿ ಉಳಿದದ್ದು ಅಲ್ಲಿ ಹೋಗುತ್ತದೆ.

ಇನ್ನು ತಿಂಗಳು. ನಮ್ಮ ಕಡೆ ಆಷಾಢದಲ್ಲಿ ಗೃಹಪ್ರವೇಶ ಇಲ್ಲ. ವೈಶಾಖದಲ್ಲಿ ಫೋನೇ ಎತ್ತದ ಫ್ಯಾಕ್ಟರಿಯವರು ಆಷಾಢದ ಎರಡನೇ ವಾರಕ್ಕೆ ತಾವೇ ಫೋನ್ ಮಾಡಿ "ಸಾರ್, ಏನ್ ಯೋಚನೆ ಮಾಡಿದ್ರಿ?" ಎನ್ನುತ್ತಾರೆ. ಮೆಷಿನ್ನು ಖಾಲಿ, ಹುಡುಗರ ಸಂಬಳ ನಿಲ್ಲುವುದಿಲ್ಲ. ಲಂಪ್‌ಸಮ್ ಬಿಟ್ಟು ಬಾಕ್ಸ್ ಬಾಕ್ಸಿಗೆ ರೇಟ್ ಬರೆದುಕೊಟ್ಟದ್ದು ಆ ವಾರದಲ್ಲೇ. ಧನುರ್ಮಾಸದಲ್ಲೂ ಇದು ನಡೆಯುತ್ತದೆ. ಯುಗಾದಿಯಿಂದ ಅಕ್ಷಯ ತೃತೀಯದವರೆಗೆ ಹೋಗಿ ಚೌಕಾಸಿ ಮಾಡಿದರೆ ಕಾಫಿಯೂ ಸಿಗುವುದಿಲ್ಲ. ಕೊನೆಯ ಇಪ್ಪತ್ತು ಸಾವಿರ ಇಳಿಸಿದ ಮಾತು ಯಾವುದು ಎಂದು ಕೇಳಬೇಡಿ, ಅದು ಇನ್ನೂ ಎರಡು ಮನೆಗೆ ಬೇಕಾಗಿದೆ.

ದುಡ್ಡು ಕೊಡುವಾಗ ಅವರು ಕೇಳಿದ್ದು 50-45-5. ನಾನು ಒಪ್ಪಿದ್ದು ಡ್ರಾಯಿಂಗ್ ಸಹಿಗೆ 10, ಪ್ಲೈ ಶೀಟು ಅವರ ಫ್ಯಾಕ್ಟರಿಗೆ ಬಂದಿಳಿದಾಗ 40, ಲೋಡ್ ಆಗುವ ಮುಂಚೆ 40, ಫಿಟಿಂಗ್ ಆಗಿ ಹದಿನೈದು ದಿನಕ್ಕೆ 10. ಎರಡನೇ ಕಂತಿನ ದಿನ ನಾವೇ ಅಲ್ಲಿರಬೇಕು. ಲೈನರ್ ಕೂತ ಮೇಲೆ ಒಳಗೆ 710 ಇದೆಯೋ ಪ್ಯಾಕಿಂಗ್ ಹಲಗೆ ಇದೆಯೋ ದೇವರಿಗೇ ಗೊತ್ತು. ಪ್ರೆಸ್ಸಿಗೆ ಹೋಗುವ ಮುಂಚೆ ಪ್ರತಿ ಶೀಟಿಗೂ ಗುರುತು ಹಾಕುತ್ತೇನೆ. ಎಲ್ಲಿ ಎಂದು ಹೇಳುವುದಿಲ್ಲ, ಇದನ್ನು ಫ್ಯಾಕ್ಟರಿಯವರೂ ಓದುತ್ತಾರೆ.

ಹಿಡಿದಿಟ್ಟ ಹತ್ತು ಪರ್ಸೆಂಟು ಕೆಲಸಕ್ಕೆ ಬಂತು. ಸಿಂಕಿನ ಬಾಕ್ಸಿನಲ್ಲಿ ಪೈಪಿಗೆಂದು ಕೊರೆದ ರಂಧ್ರದ ಅಂಚು ಬರಿಮೈ ಇತ್ತು, ಸಿಲಿಕೋನ್ ಹಚ್ಚಿರಲಿಲ್ಲ. ಒಂದು ಟ್ಯಾಂಡಮ್ ಎರಡು ಮಿ.ಮೀ. ಸೊಟ್ಟ, ಮುಚ್ಚುವಾಗ ಕೊನೆಗೆ ತಡೆಯುತ್ತಿತ್ತು. ಶ್ರಾವಣ ಬಂದು ಅವರಿಗೆ ಹೊಸ ಆರ್ಡರು ಶುರುವಾಗಿದ್ದರೂ ವರಮಹಾಲಕ್ಷ್ಮಿ ಹಬ್ಬದ ಮುಂಚಿನ ದಿನವೇ ಹುಡುಗ ಬಂದು ಎರಡನ್ನೂ ಸರಿಮಾಡಿ ಚೆಕ್ ತೆಗೆದುಕೊಂಡು ಹೋದ. ತುಂಡು ಪ್ಲೈ ನಮಗೇ ಸೇರಬೇಕೆಂದು ಕರಾರಿನಲ್ಲಿ ಬರೆಸಲು ಮರೆತಿದ್ದೆ, ಅದನ್ನು ಅವರೇ ಇಟ್ಟುಕೊಂಡರು.