ಹದಿನೇಳು ಬಾಗಿಲು, ಎರಡು ಕೂಗು

ನನ್ನ ನಾಟಕದ ಕಥೆ ಇಷ್ಟೇ. ಒಬ್ಬ ಗುಮಾಸ್ತ ಸಂಜೆ ಮನೆಗೆ ಬಂದು ಬಾಗಿಲು ತೆಗೆಯುತ್ತಾನೆ. ಒಳಗೆ ಇನ್ನೊಂದು ಬಾಗಿಲು. ಅದನ್ನು ತೆಗೆದರೆ ಮತ್ತೊಂದು. "ಕುಕ್ಕರ್ ಮೂರು ಕೂಗು ಕೂಗಲಿ, ಬಂದೆ" ಅಂತ ಒಳಗಿನಿಂದ ಹೆಂಡತಿ ಹೇಳುತ್ತಾಳೆ. ಎರಡು ಕೂಗಾಗುತ್ತದೆ. ಮೂರನೆಯದು ಬರುವುದೇ ಇಲ್ಲ.

ಕಾಲೇಜಿನಲ್ಲಿದ್ದಾಗ ಚಂದ್ರಶೇಖರ ಪಾಟೀಲರ 'ಕೊಡೆಗಳು' ನೋಡಿ ಅಸಂಗತ ನಾಟಕದ, ಅಂದರೆ ತರ್ಕಕ್ಕೆ ಸಿಗದ ಅಬ್ಸರ್ಡ್ ನಾಟಕದ, ಹುಚ್ಚು ಹತ್ತಿತ್ತು. ಇದನ್ನೂ ರಂಗಕ್ಕೆ ಅಂತಲೇ ಬರೆದಿದ್ದೆ. ನಾಟಕ ಆಡಿಸುವ ಗೆಳೆಯ ಓದಿ, "ಹದಿನೇಳು ಬಾಗಿಲು ಯಾರಪ್ಪಾ ಮಾಡಿಸ್ತಾರೆ?" ಅಂದ. ಆಗ ಬಾನುಲಿ ನೆನಪಾಯಿತು. ಅಲ್ಲಿ ಬಾಗಿಲಿಗೆ ಮರ ಬೇಡ, ಚಿಲಕದ ಸದ್ದು ಸಾಕು. ಆಕಾಶವಾಣಿಗೆ ಕಳಿಸಿದೆ. ಅರ್ಧ ಗಂಟೆಗೆ ಇಳಿಸಿಕೊಡಿ ಅಂದರು, ಇಳಿಸಿದೆ.

ಚಿಲಕದ ಸದ್ದು ಸಾಕು ಅಂದುಕೊಂಡಿದ್ದೇ ಮೊದಲ ತಪ್ಪು. ಒಂದೇ ಬಾಗಿಲನ್ನು ರೆಕಾರ್ಡ್ ಮಾಡಿ ಹದಿನೇಳು ಸಲ ಅಂಟಿಸಿದೆವು. ಕೇಳಿದರೆ ಯಾರೋ ತಲೆಕೆಟ್ಟವನು ಒಂದೇ ಬಾಗಿಲನ್ನು ತೆಗೆದು ಹಾಕಿ ಮಾಡುತ್ತಿದ್ದ ಹಾಗಿತ್ತು. ಸರಿ, ವಾರವಿಡೀ ಬಾಗಿಲು ಹುಡುಕುತ್ತಾ ಓಡಾಡಿದೆ. ಅಜ್ಜಿ ಮನೆಯ ಅಗುಳಿ ಹಾಕುವ ಬಾಗಿಲು, ಬಚ್ಚಲಿನ ಪ್ಲಾಸ್ಟಿಕ್ ಬಾಗಿಲು, ಕಬ್ಬಿಣದ ಬೀರು, ಕಿರಾಣಿ ಅಂಗಡಿಯ ಶಟರ್. ಹದಿಮೂರನೆಯದು ಫ್ರಿಜ್ಜಿನದು. ಅದನ್ನು ಯಾರೂ ಗುರುತಿಸಲಾರರು ಅಂದುಕೊಂಡಿದ್ದೆ. ಎಲ್ಲರೂ ಅಲ್ಲೇ ನಕ್ಕರು.

ಎರಡು ಬಾಗಿಲಿನ ನಡುವೆ ಮೂರು ಹೆಜ್ಜೆ ಇಟ್ಟೆವು. ಹೆಜ್ಜೆಯೇ ಇಲ್ಲದಿದ್ದರೆ ಬಾಗಿಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರು ಹೆಜ್ಜೆ ಆದರೆ ಮನೆ ಅರಮನೆಯಾಗುತ್ತದೆ.

ಇಡೀ ನಾಟಕ ನಿಂತದ್ದು ಹೆಂಡತಿಯ ದನಿಯ ಮೇಲೆ. ಒಂದೊಂದು ಬಾಗಿಲು ದಾಟಿದಾಗಲೂ ಅವಳ ದನಿ ಸ್ವಲ್ಪ ಹತ್ತಿರವಾಗಬೇಕು ಅಂತ ನಾನು ಬರೆದಿದ್ದೆ. ನಿರ್ಮಾಪಕರು, "ಹತ್ತಿರ ಬಂದ್ರೆ ಅವನು ಮನೆ ಸೇರ್ತಾನೆ ಅಂತ ಕೇಳುಗರಿಗೆ ಗೊತ್ತಾಗಿಬಿಡುತ್ತೆ, ಅಲ್ವಾ?" ಅಂದರು. ಹೌದಲ್ಲ! ನಟಿಯನ್ನು ಮೈಕಿನಿಂದ ನಾಲ್ಕಡಿ ದೂರ, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು. ಕೊನೆಯವರೆಗೂ ಅವರು ಅಲ್ಲಿಂದ ಅಲ್ಲಾಡಲಿಲ್ಲ. ಅವನು ಎಷ್ಟು ನಡೆದರೂ ದನಿ ಅಷ್ಟೇ ದೂರದಲ್ಲಿತ್ತು. ರಂಗದ ಮೇಲೆ ಇದನ್ನು ತೋರಿಸೋದು ಹೇಗೋ, ನನಗಂತೂ ಗೊತ್ತಿಲ್ಲ.

ಕುಕ್ಕರಿನ ಕೂಗಿಗೂ ಜಗಳವಾಯಿತು. ಒಬ್ಬ ಕಲಾವಿದರು ಬಾಯಲ್ಲೇ ಕೂಗುತ್ತೇನೆ ಅಂದರು. ಅದಕ್ಕೆ ದೊಡ್ಡ ಪರಂಪರೆಯೇ ಇದೆ ಬಿಡಿ. 1957ರಲ್ಲಿ ಬಿಬಿಸಿ, ಸ್ಯಾಮುಯೆಲ್ ಬೆಕೆಟ್‌ನ ಮೊದಲ ಬಾನುಲಿ ನಾಟಕ 'ಆಲ್ ದಟ್ ಫಾಲ್' ಪ್ರಸಾರ ಮಾಡಿದಾಗ ನಿರ್ದೇಶಕ ಡೊನಾಲ್ಡ್ ಮ್ಯಾಕ್‌ವಿನ್ನಿ ಕುರಿ, ಹಸು, ಕೋಳಿಯ ಕೂಗನ್ನೆಲ್ಲ ಮನುಷ್ಯರ ಬಾಯಲ್ಲೇ ಮಾಡಿಸಿದ. ಬೆಕೆಟ್‌ಗೆ ನಿಜವಾದ ಪ್ರಾಣಿಗಳೇ ಬೇಕಿತ್ತು. ಇಂಥ ಹೊಸ ಸದ್ದುಗಳ ಹುಡುಕಾಟ ಜಾಸ್ತಿಯಾಗಿಯೇ ಮರುವರ್ಷ ಬಿಬಿಸಿಯಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಅನ್ನುವ, ಸದ್ದು ತಯಾರಿಸುವ ವಿಭಾಗವೇ ಶುರುವಾಯಿತು. ಕುಕ್ಕರಿನ ವಿಷಯದಲ್ಲಿ ಮಾತ್ರ ನಾನು ಬೆಕೆಟ್ ಕಡೆ. ಬಾಯಿಯ ಕೂಗು ಮಿಮಿಕ್ರಿ ಆಗಿಬಿಟ್ಟಿತು. ನಿಜವಾದ ಕುಕ್ಕರಿನಲ್ಲಿ ನಿಜವಾದ ಬೇಳೆ ಇಟ್ಟು ನಮ್ಮ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದೆ.

ಎರಡನೇ ಕೂಗಾದ ಮೇಲೆ ಹದಿನೈದು ಸೆಕೆಂಡ್ ಮೌನ ಅಂತ ಬರೆದಿದ್ದೆ. "ಹದಿನೈದು ಸೆಕೆಂಡ್ ಏನೂ ಕೇಳಿಸದಿದ್ರೆ ಜನ ರೇಡಿಯೋ ಕೆಟ್ಟಿತು ಅಂತ ತಟ್ಟುತ್ತಾರೆ" ಅಂದರು ನಿರ್ಮಾಪಕರು. ಮೌನ ಹೋಗಿ ಆ ಜಾಗಕ್ಕೆ ನಲ್ಲಿಯ ತೊಟ್ಟು ಬಂತು. ಈಗ ಕೇಳಿದರೆ ಮೌನಕ್ಕಿಂತ ಅದೇ ಚೆನ್ನಾಗಿದೆ.

ಕಲಾವಿದರಿಗೆ ಹೇಳಿದ್ದು ಒಂದೇ ಮಾತು: ವಿಚಿತ್ರವಾಗಿ ಮಾತಾಡಬೇಡಿ. ನಾಟಕ ವಿಚಿತ್ರವಾದದ್ದು ಅಂತ ಗೊತ್ತಾದ ಕೂಡಲೇ ನಟರ ದನಿ ನಡುಗಲು ಶುರುವಾಗುತ್ತದೆ. ಬೇಡ. ಹತ್ತನೇ ಬಾಗಿಲಿನಲ್ಲೂ ಗುಮಾಸ್ತನಿಗೆ ಇರಬೇಕಾದದ್ದು ಹಸಿವು, ಮೊಣಕಾಲು ನೋವು, ಅಷ್ಟೇ. ಹಿನ್ನೆಲೆಯಲ್ಲಿ ಹಾಕಿದ್ದ ಭಯದ ಸಂಗೀತವನ್ನೂ ಕೊನೆಗೆ ಕಿತ್ತುಹಾಕಿದೆವು.

ಪ್ರಸಾರವಾದ ಮರುದಿನ ನಮ್ಮ ಅತ್ತೆ ಫೋನ್ ಮಾಡಿದರು. ಪೂರ್ತಿ ಕೇಳಿದ್ದರಂತೆ.

"ಎಲ್ಲ ಸರಿ, ಮೂರನೇ ಕೂಗು ಬರದೆ ಇದ್ದದ್ದು ಗ್ಯಾಸ್ಕೆಟ್ ಹೋಗಿ ಅಲ್ವೇನಪ್ಪಾ? ಅಷ್ಟು ಬಾಗಿಲು ತೆಗೆಯೋ ಬದಲು ಹೊರಗಿಂದಲೇ ಕೂಗಿ ಅವಳಿಗೊಂದು ಮಾತು ಹೇಳಬಾರದಿತ್ತಾ?"